ಒಳಲೆ, ಬೀಸೋಕಲ್ಲು ಮತ್ತು ಹಿತ್ತಾಳೆ ಚೊಂಬು

ಆನ್‌ಲೈನ್ ಅಂಗಡಿಗಳಲ್ಲಿ ‘ಬೇಬಿ ಫುಡ್ ಮೇಕರ್’ ಅಂತ ಒಂದು ಯಂತ್ರ ಸಿಗುತ್ತದೆ. ಕೆಳಗೆ ನೀರು, ಮೇಲೆ ಹೆಚ್ಚಿದ ಕ್ಯಾರೆಟ್ಟು. ಒಂದು ಗುಂಡಿ ಒತ್ತಿದರೆ ಹಬೆಯಲ್ಲಿ ಬೇಯುತ್ತೆ, ಇನ್ನೊಂದು ಒತ್ತಿದರೆ ಅದೇ ಪಾತ್ರೆಯಲ್ಲಿ ನುಣ್ಣಗಾಗುತ್ತೆ. ಅದರ ಪಕ್ಕದಲ್ಲೇ ಮುಚ್ಚಳವಿರುವ ಪುಟ್ಟ ಪುಟ್ಟ ಡಬ್ಬಿಗಳು, ಫ್ರೀಜರಿನಲ್ಲಿ ಇಡೋ ಸಿಲಿಕೋನ್ ತಟ್ಟೆ, ಮೆತ್ತನೆ ಚಮಚ. ಇವೆಲ್ಲ ಇಲ್ಲದೆ ಮಗು ಸಾಕೋದು ಹೇಗಪ್ಪಾ ಅಂತ ಹೊಸದಾಗಿ ಅಪ್ಪ ಅಮ್ಮ ಆದವರಿಗೆ ದಿಗಿಲು ಹುಟ್ಟಬೇಕು, ಹಾಗೆ ಜೋಡಿಸಿಟ್ಟಿರುತ್ತಾರೆ. ಇನ್ನೊಂದು ಕಡೆ ವಾಟ್ಸಾಪಿನಲ್ಲಿ ಅದಕ್ಕೆ ತದ್ವಿರುದ್ಧವಾದ ಸಂದೇಶ ಬರುತ್ತದೆ: ನಮ್ಮ ಪೂರ್ವಿಕರ ಹಿತ್ತಾಳೆ, ತಾಮ್ರದ ಪಾತ್ರೆಯೇ ಶ್ರೇಷ್ಠ, ಸ್ಟೀಲು ಪ್ಲಾಸ್ಟಿಕ್ಕು ಬಿಸಾಕಿ, ಕೂಸಿಗೂ ಅದರಲ್ಲೇ ತಿನ್ನಿಸಿ.

ಈ ಎರಡೂ ಗುಂಪಿನವರಿಗೆ ಇತಿಹಾಸ ಅಷ್ಟಾಗಿ ಬೇಕಿಲ್ಲ. ಆದರೆ ಕೂಸಿನ ಊಟದ ಸಾಮಾನಿಗೆ ಒಂದು ದೊಡ್ಡ ಇತಿಹಾಸವೇ ಇದೆ. ಅದರಲ್ಲಿ ಜಾಣತನವೂ ಇದೆ, ಸಾವೂ ಇದೆ.

ಯಾವ ಕಾಲದ ಯಾವ ಅಡುಗೆಮನೆಯಾದರೂ ಕೂಸಿನ ಊಟದ ಸಾಮಾನು ಮಾಡಬೇಕಾದ ಕೆಲಸ ಮೂರೇ. ಹಲ್ಲಿಲ್ಲದ ಬಾಯಿಗೆ ಒಗ್ಗುವ ಹಾಗೆ ನುಣ್ಣಗೆ ಮಾಡೋದು. ಚೆಲ್ಲದೆ, ನೆತ್ತಿಗೇರದೆ ಬಾಯಿಗೆ ಹಾಕೋದು. ಮುಂದಿನ ಹೊತ್ತಿಗೆ ಕೆಡದ ಹಾಗೆ ಇಡೋದು. ಒಂದೊಂದನ್ನೇ ನೋಡೋಣ.

ಕಲ್ಲು ಮತ್ತು ಬಟ್ಟೆ

ಹಳೇ ಮೈಸೂರಿನ ಕಡೆ ತಾಯಿಹಾಲಿನ ಜೊತೆಗೆ ಕೂಸಿಗೆ ಮೊದಲು ಶುರು ಮಾಡೋದು ರಾಗಿ ಸರಿ. ಕರಾವಳಿಗೆ ಹೋದರೆ ಅದೇ ರಾಗಿಯನ್ನು ನೆನೆಸಿ, ಅರೆದು, ಬಟ್ಟೆಯಲ್ಲಿ ಹಾಲು ಹಿಂಡಿ ‘ಮಣ್ಣಿ’ ಕಾಯಿಸುತ್ತಾರೆ. ಇನ್ನೂ ಕೆಳಗೆ ಕೇರಳದಲ್ಲಿ ಕುನ್ನನ್ ಬಾಳೆಕಾಯಿಯನ್ನು ಒಣಗಿಸಿ ಪುಡಿ ಮಾಡಿಡುತ್ತಾರೆ. ಎಲ್ಲದರ ಸೂತ್ರ ಒಂದೇ, ನಮಗೆ ಗೊತ್ತಿರೋ ಸರಿಯನ್ನೇ ಹಿಡಿಯೋಣ.

ಸರಿಪುಡಿ ಮಾಡೋ ಕ್ರಮ ಬಹಳ ಮಂದಿಗೆ ಗೊತ್ತು. ರಾಗಿಯನ್ನು ಕಲ್ಲು ಹೋಗುವ ಹಾಗೆ ತೊಳೆದು ರಾತ್ರಿಯಿಡೀ ನೆನೆಸೋದು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸೋದು. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯೋದು. ಆಮೇಲೆ ಬೀಸೋದು. ಬೀಸೋಕಲ್ಲಿನ ಗುಟ್ಟು ಬೀಸಿದವರಿಗೇ ಗೊತ್ತು: ಬಾಯಿಗೆ ಹಿಡಿ ತುಂಬ ಸುರಿದರೆ ತರಿತರಿ ಬೀಳುತ್ತೆ, ನಾಲ್ಕು ನಾಲ್ಕೇ ಕಾಳು ಹಾಕ್ತಾ ತಿರುಗಿಸಿದರೆ ನುಣ್ಣಗೆ ಬೀಳುತ್ತೆ. ಅಂದರೆ ಕೂಸಿನ ಹಿಟ್ಟಿಗೆ ದೊಡ್ಡವರ ಹಿಟ್ಟಿಗಿಂತ ಹೆಚ್ಚು ಹೊತ್ತು, ಹೆಚ್ಚು ರಟ್ಟೆ. ಕೊನೆಗೆ ಪಾತ್ರೆಯ ಬಾಯಿಗೆ ತೆಳುವಾದ ಹಳೇ ಪಂಚೆ ಬಿಗಿದು ಕಟ್ಟಿ, ಅದರ ಮೇಲೆ ಹಿಟ್ಟು ಹಾಕಿ ಕೈಯಾಡಿಸಿದರೆ ಕೆಳಗೆ ಬೀಳೋದು ಪೌಡರಿನಂಥ ಪುಡಿ. ಇದಕ್ಕೆ ಪಂಡಿತರ ಹೆಸರು ‘ವಸ್ತ್ರಗಾಳಿತ’.

ಇಷ್ಟೆಲ್ಲ ಯಾಕೆ? ರಾಗಿಹಿಟ್ಟನ್ನು ನೀರಲ್ಲಿ ಕದಡಿ ಕಾಯಿಸಿದರೆ ಸಾಲದಾ? ಸಾಲದು. ಇಲ್ಲಿ ಒಂದು ಲೆಕ್ಕ ಇದೆ.

ಯಾವುದೇ ಧಾನ್ಯದ ಹಿಟ್ಟು ಬಿಸಿನೀರಲ್ಲಿ ಬೇಯುವಾಗ ಅದರ ಪಿಷ್ಟ ನೀರು ಕುಡಿದು ಉಬ್ಬುತ್ತೆ, ಗಟ್ಟಿಯಾಗುತ್ತೆ. ಕೂಸು ನುಂಗುವಷ್ಟು ತೆಳ್ಳಗೆ ಬೇಕು ಅಂದರೆ ನೀರು ಜಾಸ್ತಿ ಹಾಕಬೇಕು. ಆರು ತಿಂಗಳ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯೋದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ. ಆ ಲೋಟದಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ನೀರೇ ಆದರೆ ಹೊಟ್ಟೆ ತುಂಬುತ್ತೆ, ಮೈಗೆ ಏನೂ ಹತ್ತೋದಿಲ್ಲ. ‘ಚೆನ್ನಾಗಿ ಕುಡಿಯುತ್ತೆ, ಆದರೂ ಮಗು ಸೊರಗಿದೆ’ ಅನ್ನೋ ಮಾತಿನ ಹಿಂದೆ ಎಷ್ಟೋ ಸಲ ಇರೋದು ಈ ನೀರಿನ ಲೆಕ್ಕವೇ.

ಮೊಳಕೆ ಈ ಲೆಕ್ಕವನ್ನು ತಿರುಗಿಸುತ್ತೆ. ಕಾಳು ಮೊಳೆಯುವಾಗ ತನ್ನ ಸಸಿಗೆ ಊಟ ಒದಗಿಸಲು ಒಳಗಿನ ಪಿಷ್ಟವನ್ನು ತಾನೇ ಒಡೆಯೋಕೆ ಶುರು ಮಾಡುತ್ತೆ. ಅದಕ್ಕೆ ಬೇಕಾದ ಅಮೈಲೇಸ್ ಅನ್ನೋ ಕಿಣ್ವ ಕಾಳಲ್ಲಿ ತಯಾರಾಗುತ್ತೆ. ಅಂಥ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಿದರೆ, ಕುದಿ ಬರುವ ಮೊದಲೇ ಆ ಕಿಣ್ವ ಪಿಷ್ಟವನ್ನು ಒಡೆದಿರುತ್ತೆ. ಸರಿ ತೆಳ್ಳಗೇ ಉಳಿಯುತ್ತೆ. ಅದೇ ಲೋಟಕ್ಕೆ ಎರಡು ಪಟ್ಟಿಗೂ ಮೀರಿ ಹಿಟ್ಟು ಹಾಕಿದರೂ ಕೂಸು ನುಂಗುತ್ತೆ. ‘ಗಂಟಾಗದ ಹಾಗೆ ತಣ್ಣೀರಲ್ಲಿ ಕದಡು’, ‘ಜಾಸ್ತಿ ಹುರೀಬೇಡ, ಕೆಡುತ್ತೆ’ ಅಂತ ಅಜ್ಜಿಯರು ಗದರುತ್ತಿದ್ದದ್ದಕ್ಕೆ ಇದೂ ಒಂದು ಅರ್ಥ. ಹುರಿಯೋ ಬೆಂಕಿ ಜೋರಾದರೆ ಕಿಣ್ವ ಸತ್ತುಹೋಗುತ್ತೆ, ಮೊಳಕೆ ಕಟ್ಟಿದ್ದೆಲ್ಲ ದಂಡ. ಜೊತೆಗೆ ಮೊಳಕೆ ಬರಿಸಿದಾಗ ಕಾಳಿನ ಫೈಟೇಟ್ ಅಂಶ ಇಳಿದು, ಅದರಲ್ಲಿರೋ ಕಬ್ಬಿಣ, ಸುಣ್ಣ ಮೈಗೆ ಹೆಚ್ಚು ದಕ್ಕುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರೋದಿಲ್ಲ.

ಇದನ್ನು ಪ್ರಯೋಗಶಾಲೆಯಲ್ಲಿ ಬಿಡಿಸಿ ನೋಡಿದ್ದೂ ನಮ್ಮೂರಲ್ಲೇ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಶನ್ನಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳು ಸೇರಿಸಿ, ಬಿಸಿಯಾದರೂ ಗಟ್ಟಿಯಾಗದ ಶಿಶು ಆಹಾರ ರೂಪಿಸಿದರು. ಹೆಸರುಕಾಳು ಯಾಕೆ ಅಂದರೆ, ರಾಗಿಯ ಪ್ರೋಟೀನಿನಲ್ಲಿ ಇರೋ ಕೊರತೆಯನ್ನು ಬೇಳೆಕಾಳು ತುಂಬುತ್ತೆ. ಅದೇ ದಶಕದಲ್ಲಿ ಬರೋಡದಲ್ಲಿ ತಾರಾ ಗೋಪಾಲದಾಸ್ ಅವರ ತಂಡ, ಗಟ್ಟಿ ಗಂಜಿಗೆ ಮೊಳಕೆ ಗೋಧಿಯ ಹಿಟ್ಟು ಸ್ವಲ್ಪವೇ ಬೆರೆಸಿದರೂ ಅದು ನೀರಾಗುತ್ತೆ, ಮಕ್ಕಳು ಹೆಚ್ಚು ತಿನ್ನಬಲ್ಲರು ಅಂತ ತೋರಿಸಿತು.

ಯುರೋಪಿನವರಿಗೂ ಮೊಳಕೆಯ ಈ ಗುಣ ತಿಳಿದಿತ್ತು. 1860ರ ದಶಕದಲ್ಲಿ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ತನ್ನ ಮೊಮ್ಮಕ್ಕಳಿಗಾಗಿ ಒಂದು ‘ಶಿಶು ಸೂಪು’ ಮಾಡಿದ. ಗೋಧಿಹಿಟ್ಟು, ಮೊಳಕೆ ಬಾರ್ಲಿಯ ಹಿಟ್ಟು, ಹಸುವಿನ ಹಾಲು, ಸ್ವಲ್ಪ ಕ್ಷಾರ. ಅದನ್ನು ಹದವಾದ ಬಿಸಿಯಲ್ಲಿ ಇಟ್ಟು ತಿರುವಬೇಕಿತ್ತು. ಮನೆಗಳಲ್ಲಿ ಈ ಹದ ಹಿಡಿಯೋದು ತ್ರಾಸಾಯಿತು. ತ್ರಾಸಿದ್ದ ಕಡೆ ವ್ಯಾಪಾರ ಹುಟ್ಟುತ್ತೆ. 1867ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಆನ್ರಿ ನೆಸ್ಲೆ ಹಾಲು, ಸುಟ್ಟ ಗೋಧಿ ಬಿಸ್ಕತ್ತಿನ ಹಿಟ್ಟು, ಸಕ್ಕರೆ ಸೇರಿದ ಪುಡಿ ಮಾರಿದ. 1873ರಲ್ಲಿ ಚಿಕಾಗೋದಲ್ಲಿ ಹಾರ್ಲಿಕ್ ಅಣ್ಣತಮ್ಮಂದಿರು ಮಾಲ್ಟಿನ ಶಿಶು ಆಹಾರದ ಕಂಪನಿ ತೆರೆದರು. ಅದೇ ಮುಂದೆ ನಮ್ಮ ಮನೆಗಳಿಗೆ ಬಂದ ಹಾರ್ಲಿಕ್ಸು. ಅದರ ದಪ್ಪ ಗಾಜಿನ ಬಾಟಲಿ ಖಾಲಿಯಾದ ಮೇಲೆ ಎಷ್ಟು ಕನ್ನಡದ ಮನೆಗಳಲ್ಲಿ ಮೊಳಕೆ ರಾಗಿ ಸರಿಪುಡಿ ತುಂಬಿಟ್ಟಿದ್ದರೋ! ಮಾಲ್ಟು ಹೋಗಿ ಮಾಲ್ಟೇ ಬಂತು.

ಸೋಸೋ ಕಷ್ಟವೂ ಕಾರ್ಖಾನೆ ಹುಟ್ಟಿಸಿದೆ. ಅಮೆರಿಕದ ಮಿಶಿಗನ್ನಿನಲ್ಲಿ ಡೊರೊತಿ ಗರ್ಬರ್ ಎಂಬಾಕೆ ಮಗಳಿಗೆ ಬಟಾಣಿ ಬೇಯಿಸಿ ಜರಡಿಯಲ್ಲಿ ಉಜ್ಜಿ ಉಜ್ಜಿ ಬೇಸತ್ತು, ‘ಇದನ್ನ ನಿಮ್ಮ ಡಬ್ಬಿ ಕಾರ್ಖಾನೆಯಲ್ಲೇ ಮಾಡಿ’ ಅಂತ ಗಂಡನಿಗೆ ಹೇಳಿದಳು ಅನ್ನೋದು ಆ ಕಂಪನಿಯ ಕಥೆ. 1928ರಲ್ಲಿ ಗರ್ಬರ್ ಡಬ್ಬಿಗಳು ಅಂಗಡಿಗೆ ಬಂದವು. ನಮ್ಮಲ್ಲಿ ಬೀಸೋ ಹೆಂಗಸರು ಬೇಸರಕ್ಕೆ ಪದ ಕಟ್ಟಿದರು. ಅವರ ಗಂಡಂದಿರ ಹತ್ತಿರ ಕಾರ್ಖಾನೆ ಇರಲಿಲ್ಲ. ಕಲ್ಲಿನಿಂದ ಬಿಡುಗಡೆ ಸಿಕ್ಕಿದ್ದು ಊರಿಗೆ ಹಿಟ್ಟಿನ ಗಿರಣಿ ಬಂದಾಗ, ಆಮೇಲೆ 1960ರ ದಶಕದಿಂದ ಸುಮೀತ್‌ನಂಥ ಮಿಕ್ಸಿಗಳು ಬಂದಾಗ. ಆ ಬಿಡುಗಡೆಯನ್ನು ಹಗುರವಾಗಿ ಮಾತಾಡೋ ಹಕ್ಕು, ಎಂದೂ ಬೆಳಗಿನ ಜಾವಕ್ಕೆದ್ದು ಕಲ್ಲು ತಿರುಗಿಸದ ನಮಗಂತೂ ಇಲ್ಲ.

ಆದರೆ ಮಿಕ್ಸಿ ಬಂದಾಗ ಒಂದು ಎಡವಟ್ಟಾಯಿತು. ನುಣ್ಣಗೆ ಮಾಡೋದು ಸುಲಭವಾದ್ದರಿಂದ, ‘ನುಣ್ಣಗಾದರೆ ಸಾಕು’ ಅನ್ನೋ ಭಾವನೆ ಬಂತು. ಮೊಳಕೆ ಕಟ್ಟೋ ಎರಡು ದಿನದ ಕೆಲಸ ಎಷ್ಟೋ ಕಡೆ ಬಿಟ್ಟುಹೋಯಿತು. ಪುಡಿ ನೋಡೋಕೆ ಒಂದೇ ಥರ, ಲೋಟದೊಳಗಿನ ಲೆಕ್ಕ ಮಾತ್ರ ಬೇರೆ. ಬಟ್ಟೆ ಸೋಸೋದರಲ್ಲೂ ಕೊಡು–ಕೊಳ್ಳು ಇದೆ ಅನ್ನೋದನ್ನ ಹೇಳಿಬಿಡಬೇಕು: ರಾಗಿಯ ಸುಣ್ಣದಂಶ ಹೆಚ್ಚಾಗಿ ಇರೋದು ಸಿಪ್ಪೆಯಲ್ಲಿ. ಹಾಗಾಗಿ ಮೊದಮೊದಲು ಬಟ್ಟೆ, ಆಮೇಲಾಮೇಲೆ ಸಣ್ಣ ಜರಡಿ, ಎಂಟೊಂಬತ್ತು ತಿಂಗಳಿಗೆ ಕೈಯಲ್ಲಿ ಹಿಸುಕಿದ ಅನ್ನ, ಅಂತ ಹಂತ ಹಂತವಾಗಿ ಹೋಗಬೇಕು. ವರ್ಷ ತುಂಬಿದರೂ ಎಲ್ಲವನ್ನೂ ಮಿಕ್ಸಿಗೆ ಹಾಕ್ತಾ ಇದ್ದರೆ ಮಗು ಅಗಿಯೋದನ್ನ ಕಲಿಯೋದು ಯಾವಾಗ?

ಒಳಲೆ ಮತ್ತು ಸೀಸೆ

ಎರಡನೇ ಕೆಲಸ ಬಾಯಿಗೆ ಹಾಕೋದು. ಇದಕ್ಕೆ ನಮ್ಮಲ್ಲಿದ್ದ ಸಾಮಾನು ಒಳಲೆ. ಕೆಲವರು ಒಳ್ಳೆ ಅಂತಲೂ ಅಂತಾರೆ. ತಮಿಳರ ಪಾಲಾಡೈ, ಸಂಗು ಎಲ್ಲ ಇದರ ಅಕ್ಕತಂಗಿಯರೇ. ಚಿಕ್ಕ ಬಟ್ಟಲು, ಮುಂದಕ್ಕೆ ಚೂಪಾಗಿ ಚಾಚಿದ ಮೂತಿ. ಉಳ್ಳವರಲ್ಲಿ ಬೆಳ್ಳಿಯದು, ತವರಿನಿಂದ ಬಾಣಂತಿಯ ಜೊತೆ ಬರೋದು. ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ಹಚ್ಚಿ ಸ್ವಲ್ಪ ಸ್ವಲ್ಪವೇ ಹಾಕೋದು.

ಹೀಗೆ ಮೂತಿಯಿರೋ ಶಿಶುಪಾತ್ರೆ ನಮ್ಮೊಬ್ಬರದೇ ಆಸ್ತಿ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ ಕಂಚಿನ ಯುಗದ ಕೊನೆ ಮತ್ತು ಕಬ್ಬಿಣ ಯುಗದ ಮೊದಲ ಭಾಗಕ್ಕೆ ಸೇರಿದ ಮಕ್ಕಳ ಸಮಾಧಿಗಳಲ್ಲಿ ಇಂಥ ಪುಟ್ಟ ಮಣ್ಣಿನ ಪಾತ್ರೆಗಳು ಸಿಕ್ಕಿವೆ. 2019ರಲ್ಲಿ ಅವುಗಳ ಒಳಗಿನ ಜಿಡ್ಡನ್ನು ಪರೀಕ್ಷೆ ಮಾಡಿದಾಗ ಪ್ರಾಣಿಗಳ ಹಾಲಿನ ಗುರುತು ಸಿಕ್ಕಿತು. ಎರಡೂವರೆ ಮೂರು ಸಾವಿರ ವರ್ಷದ ಹಿಂದೆ ಯಾರೋ ತಾಯಿ ತನ್ನ ಕೂಸಿನ ಜೊತೆ ಅದರ ಒಳಲೆಯನ್ನೂ ಮಣ್ಣು ಮಾಡಿದ್ದಳು.

ಒಳಲೆಯ ದೊಡ್ಡ ಗುಣ ಅದರ ಆಕಾರವೇ. ಅದರಲ್ಲಿ ಮೂಲೆಯಿಲ್ಲ, ಕೊಳವೆಯಿಲ್ಲ, ಮುಚ್ಚಿದ ಜಾಗವಿಲ್ಲ. ಬೂದಿ ಹಾಕಿ ಉಜ್ಜಿ, ಕುದಿಯೋ ನೀರು ಸುರಿದರೆ ಮುಗಿಯಿತು. ಇದು ಎಂಥ ದೊಡ್ಡ ಗುಣ ಅನ್ನೋದು ತಿಳಿಯಬೇಕಾದರೆ ಹತ್ತೊಂಬತ್ತನೇ ಶತಮಾನದ ಯುರೋಪನ್ನು ನೋಡಬೇಕು. ಅಲ್ಲಿ ಒಂದು ಹೊಸ ಸೀಸೆ ಬಂತು. ಗಾಜಿನ ಬುರುಡೆ, ಅದರಿಂದ ಹೊರಟ ಉದ್ದನೆಯ ರಬ್ಬರ್ ಕೊಳವೆ, ತುದಿಗೆ ಚೀಪೋ ತೊಟ್ಟು. ಮಗುವಿನ ಪಕ್ಕದಲ್ಲಿ ಇಟ್ಟುಬಿಟ್ಟರೆ ಅದರ ಪಾಡಿಗೆ ಅದು ಚೀಪುತ್ತಾ ಮಲಗಿರುತ್ತೆ. ಅಮ್ಮಂದಿರಿಗೆ ವರ ಅನ್ನಿಸಿತು. ಆದರೆ ಆ ಕೊಳವೆಯ ಒಳಗನ್ನು ತೊಳೆಯೋಕೆ ಯಾರಿಂದಲೂ ಆಗುತ್ತಿರಲಿಲ್ಲ. ಹಾಲು ಹೆಪ್ಪುಗಟ್ಟಿ ಕ್ರಿಮಿಗಳ ಗೂಡಾಯಿತು. ಮಕ್ಕಳು ಭೇದಿಯಿಂದ ಸತ್ತರು. ಇಂಗ್ಲಿಷಿನಲ್ಲಿ ಅದಕ್ಕೆ ‘ಕೊಲೆಗಾರ ಸೀಸೆ’ ಅನ್ನೋ ಹೆಸರೇ ಬಿತ್ತು. 1910ರಲ್ಲಿ ಫ್ರಾನ್ಸ್ ಕಾನೂನು ಮಾಡಿ ಕೊಳವೆ ಸೀಸೆಗಳನ್ನು ನಿಷೇಧಿಸಿತು.

ಕೊಳವೆ ಹೋದರೂ ಸೀಸೆ ಉಳಿಯಿತು. ಶುದ್ಧ ನೀರು, ಸೌದೆ, ಪುರುಸೊತ್ತು ಮೂರೂ ಇಲ್ಲದ ಮನೆಯಲ್ಲಿ ರಬ್ಬರ್ ತೊಟ್ಟಿನ ಬಾಟಲಿ ಅಂದರೆ ಇವತ್ತಿಗೂ ಅಪಾಯವೇ. ಅದಕ್ಕೇ 1992ರ ನಮ್ಮ ದೇಶದ ಕಾಯಿದೆಯಲ್ಲಿ ಬದಲಿ ಹಾಲಿನ ಪುಡಿಯ ಜೊತೆಗೆ ಹಾಲೂಡಿಸೋ ಬಾಟಲಿಯ ಜಾಹೀರಾತಿಗೂ ನಿಷೇಧ ಇದೆ. ಒಂದು ಪಾತ್ರೆಯ ಮೇಲೆ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದವರಿಗೆ ಆ ರಬ್ಬರ್ ಕೊಳವೆಯ ಕಥೆಯೇ ಉತ್ತರ. ಅತ್ತ ಒಳಲೆ ಆಸ್ಪತ್ರೆಗೆ ವಾಪಸು ಬಂದಿದೆ. ದಿನ ತುಂಬದೆ ಹುಟ್ಟಿ, ಚೀಪೋ ಶಕ್ತಿ ಇಲ್ಲದ ಶಿಶುಗಳಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲೋ ಪುಟ್ಟ ಬಟ್ಟಲಲ್ಲೋ ಹಾಕುವ ಕ್ರಮ ನಮ್ಮ ನವಜಾತ ಶಿಶು ಘಟಕಗಳಲ್ಲಿ ಈಗ ಸಾಮಾನ್ಯ. ಅಲ್ಲಿ ಅದರ ಹೆಸರು ‘ಪಲಾಡೆ’.

ಹಾಗಂತ ಒಳಲೆಗೆ ಪೂಜೆ ಮಾಡಬೇಕಾಗಿಲ್ಲ. ಅಳುತ್ತಿರೋ ಕೂಸಿನ ಕೈಕಾಲು ಹಿಡಿದು, ಬಾಯಿ ತೆರೆದಾಗ ಸುರಿಯೋ ಅಭ್ಯಾಸವೂ ನಮ್ಮಲ್ಲಿ ಇತ್ತು. ಅದು ಗಂಟಲ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಪಾತ್ರೆ ಎಷ್ಟೇ ಒಳ್ಳೇದಾದರೂ ಹಿಡಿಯೋ ಕೈಗೆ ತಾಳ್ಮೆ ಬೇಕು.

ಡಬ್ಬಿ ಮತ್ತು ಚೊಂಬು

ಮೂರನೆಯದು ಇಡೋದು. ಈ ಬರಹದ ಮುಖ್ಯ ಮಾತು ಇರೋದು ಇಲ್ಲೇ.

ಫ್ರಿಜ್ಜು ಇಲ್ಲದ ಕಾಲದ ಉಪಾಯ ಸರಳವಾಗಿತ್ತು. ಬೇಯಿಸಿದ್ದನ್ನು ಇಡಬೇಡ, ಬೇಯಿಸೋ ಪುಡಿಯನ್ನು ಇಡು. ಚೆನ್ನಾಗಿ ಒಣಗಿಸಿ ಹುರಿದ ಸರಿಪುಡಿಯಲ್ಲಿ ನೀರಿನಂಶ ಇಲ್ಲದ್ದರಿಂದ ಕ್ರಿಮಿ ಬೆಳೆಯೋದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಿಂಗಳ ಮಟ್ಟಿಗೆ ಕೆಡದು. ಹೊತ್ತು ಹೊತ್ತಿಗೆ ಎರಡು ಚಮಚ ತೆಗೆದು ಆಗಿಂದಾಗಲೇ ಕಾಯಿಸಿದರಾಯಿತು. ಇದರ ಬೆಲೆ ಏನು ಅನ್ನೋದು 1970ರ ದಶಕದಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದ ಅಧ್ಯಯನದಿಂದ ತಿಳಿಯುತ್ತೆ. ಅಲ್ಲಿ ಬೆಳಿಗ್ಗೆ ಮಾಡಿದ ಮಕ್ಕಳ ಗಂಜಿಯನ್ನು ಹೊಲಕ್ಕೆ ಹೋಗೋ ತಾಯಂದಿರು ಹಾಗೇ ಇಟ್ಟು ಹೋಗುತ್ತಿದ್ದರು. ಗಂಟೆಗಳು ಕಳೆದ ಹಾಗೆ ಅದರಲ್ಲಿ ಕ್ರಿಮಿಗಳು ಏರುತ್ತಾ ಹೋಗುತ್ತಿದ್ದವು. ಗಂಜಿ ಒಂದೇ, ಮಾಡಿದ ಕೈ ಒಂದೇ. ಇಟ್ಟದ್ದೇ ಅಪಾಯ ತಂದದ್ದು.

ಪುಡಿ ಇಡಬಹುದು ಸರಿ. ಆದರೆ ಹಾಲು? ಕೂಸಿಗೆ ಅಂತ ಬೆಳಿಗ್ಗೆ ಕರೆದ ಹಸುವಿನ ಹಾಲನ್ನೋ ಎಮ್ಮೆ ಹಾಲನ್ನೋ ಕಾಯಿಸಿ ಇಡಲೇಬೇಕಿತ್ತು. ಯಾವುದರಲ್ಲಿ? ಅನುಕೂಲವಿದ್ದ ಮನೆಗಳಲ್ಲಿ ಹಿತ್ತಾಳೆ ಚೊಂಬಲ್ಲಿ, ಹಿತ್ತಾಳೆ ಪಾತ್ರೆಯಲ್ಲಿ.

ಈಗ ಒಂದು ಕಾಯಿಲೆಯ ಕಥೆ ಹೇಳಬೇಕು. 1880ರ ದಶಕದಲ್ಲೇ ಕಲ್ಕತ್ತದ ವೈದ್ಯರು ಒಂದು ವಿಚಿತ್ರ ಶಿಶುರೋಗವನ್ನು ದಾಖಲಿಸಿದ್ದರು. ಆರು ತಿಂಗಳಿಂದ ಮೂರು ನಾಲ್ಕು ವರ್ಷದೊಳಗಿನ ಮಗು. ಹೊಟ್ಟೆ ಉಬ್ಬುತ್ತೆ, ಯಕೃತ್ತು ಕಲ್ಲಿನಂತೆ ಗಟ್ಟಿಯಾಗುತ್ತೆ, ಕಾಮಾಲೆ ಬರುತ್ತೆ, ಕೆಲವು ತಿಂಗಳಲ್ಲಿ ಮಗು ಹೋಗಿಬಿಡುತ್ತೆ. ಒಂದೇ ಮನೆಯಲ್ಲಿ ಒಂದಾದ ಮೇಲೆ ಒಂದು ಮಗು ಹೀಗೆ ಹೋಗೋದೂ ಇತ್ತು. ಬೇರೆ ದೇಶಗಳಲ್ಲಿ ಇದು ಹೆಚ್ಚುಕಡಿಮೆ ಕಾಣಿಸದಿದ್ದರಿಂದ ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್’ ಅಂತಲೇ ಹೆಸರಾಯಿತು. ನಮ್ಮ ಹಿರಿಯರ ಬಾಯಲ್ಲಿ ಇದು ‘ಲಿವರ್ ಕಾಯಿಲೆ’. ಮದರಾಸಿನ ಜಮ್ಮಿಯವರ ಲಿವರ್ ಕ್ಯೂರ್ ಔಷಧ ದಕ್ಷಿಣದ ಮನೆಮನೆಗಳಲ್ಲಿ ಅಷ್ಟು ಪರಿಚಿತವಾಗಿತ್ತು ಅಂದರೆ ಆ ಭಯ ಎಷ್ಟಿತ್ತು ಅಂತ ಊಹಿಸಬಹುದು.

ಈ ಕಾಯಿಲೆಯಲ್ಲಿ ಒಂದು ಒಗಟಿತ್ತು. ಬಡವರ ಮಕ್ಕಳನ್ನು ಕಾಡೋ ರೋಗಗಳ ಹಾಗೆ ಇದು ಇರಲಿಲ್ಲ. ಇದು ಹೆಚ್ಚಾಗಿ ಕಾಣಿಸುತ್ತಿದ್ದದ್ದು ಹಳ್ಳಿಗಳ, ಸಣ್ಣ ಊರುಗಳ, ಉಣ್ಣೋಕೆ ಕೊರತೆ ಇಲ್ಲದ ಮಧ್ಯಮವರ್ಗದ ಮನೆಗಳಲ್ಲಿ. ಮನೆತನದಲ್ಲಿ ಮರುಕಳಿಸುತ್ತಿದ್ದರಿಂದ ವಂಶದ ದೋಷ ಅಂದರು. ತಾಯಿಯ ಹಾಲಿನ ದೋಷ ಅಂತ ಕೂಸನ್ನು ಎದೆಯಿಂದ ಬಿಡಿಸಿದವರೂ ಇದ್ದರು. ಎಂಥ ದುರಂತ ನೋಡಿ!

1970ರ ದಶಕದ ಕೊನೆಗೆ ಸೂಕ್ಷ್ಮದರ್ಶಕ ಒಂದು ಸುಳಿವು ಕೊಟ್ಟಿತು. ಈ ಮಕ್ಕಳ ಯಕೃತ್ತಿನಲ್ಲಿ ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ತಾಮ್ರ ತುಂಬಿಕೊಂಡಿತ್ತು. ಎಲ್ಲಿಂದ ಬಂತು? ಪುಣೆಯ ಕೆಇಎಂ ಆಸ್ಪತ್ರೆಯ ಆನಂದ್ ಪಂಡಿತ್, ಶೀಲಾ ಭಾವೆ, ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಮತ್ತು ಜೊತೆಗಾರರು ಅಡುಗೆಮನೆಗೇ ಹೋಗಿ ನೋಡಿದರು. ಕಾಯಿಲೆಯ ಮಕ್ಕಳ ಮನೆಯನ್ನೂ ಅಂಥದ್ದೇ ಆರೋಗ್ಯವಂತ ಮಕ್ಕಳ ಮನೆಯನ್ನೂ ಹೋಲಿಸಿದರು. ಕಾಯಿಲೆಯ ಮಕ್ಕಳಿಗೆ ಎದೆಹಾಲು ಬೇಗ ತಪ್ಪಿತ್ತು, ಮೇಲುಹಾಲು ಬೇಗ ಶುರುವಾಗಿತ್ತು, ಆ ಹಾಲನ್ನು ಕಾಯಿಸಿ ಇಡುತ್ತಿದ್ದದ್ದು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ. 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ನಮ್ಮವರಿಗೆ ಕಲಾಯಿಯ ಮಹತ್ವ ಗೊತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು. ಹುಣಸೆಹುಳಿ ಹಾಕಿದ ಸಾರನ್ನು ಬರೀ ಹಿತ್ತಾಳೆಯಲ್ಲಿಟ್ಟರೆ ಕಿಲುಬಾಗುತ್ತೆ, ಮಜ್ಜಿಗೆ ಇಟ್ಟರೆ ಕೆಡುತ್ತೆ ಅಂತ ಮಕ್ಕಳಿಗೂ ತಿಳಿದಿತ್ತು. ಅದಕ್ಕೇ ಬೀದಿಯಲ್ಲಿ ಕಲಾಯಿಯವನ ಕೂಗು ಕೇಳಿದರೆ ಅಡುಗೆ ಪಾತ್ರೆಗಳು ಹೊರಗೆ ಬರುತ್ತಿದ್ದವು. ಅವನು ತಿದಿ ಒತ್ತಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ತವರ ಸವರಿ ಬೆಳ್ಳಿಯಂತೆ ಮಾಡಿಕೊಡುತ್ತಿದ್ದ. ಆದರೆ ಹಾಲು ಹುಳಿಯಲ್ಲವಲ್ಲ! ಬಾಯಿಗೆ ಕಿಲುಬು ರುಚಿ ಹತ್ತೋದಿಲ್ಲ, ಬಣ್ಣ ತಿರುಗೋದಿಲ್ಲ. ಹಾಗಾಗಿ ಹಾಲಿನ ಚೊಂಬಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಪ್ರಯೋಗದಲ್ಲಿ ಗೊತ್ತಾದದ್ದು ಏನಂದರೆ, ಹಾಲಿನ ಪ್ರೋಟೀನು ತಾಮ್ರವನ್ನು ಹಿಡಿದೆಳೆದುಕೊಳ್ಳುತ್ತೆ. ಕಾಯಿಸಿ ಗಂಟೆಗಟ್ಟಲೆ ಇಟ್ಟಷ್ಟೂ ತಾಮ್ರ ಹಾಲಿಗೆ ಇಳಿಯುತ್ತೆ. ದೊಡ್ಡವರ ದೇಹ ಅದನ್ನು ಪಿತ್ತದ ಮೂಲಕ ಹೊರಹಾಕುತ್ತೆ. ಎಳೆಯ ಕೂಸಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಲಿತಿರೋದಿಲ್ಲ, ಮತ್ತು ಕೂಸಿನ ಊಟವೆಲ್ಲ ಅದೇ ಹಾಲು.

ಹಿತ್ತಾಳೆ ಚೊಂಬಿದ್ದ ಮನೆಯ ಮಕ್ಕಳೆಲ್ಲ ಸಾಯಲಿಲ್ಲ, ನಿಜ. ಕೆಲವು ಮಕ್ಕಳ ಮೈಯಲ್ಲೇ ತಾಮ್ರ ತಾಳಿಕೊಳ್ಳದ ಗುಣ ಇದ್ದು, ಪಾತ್ರೆಯೂ ಅದಕ್ಕೆ ಸೇರಿದಾಗ ಕಾಯಿಲೆ ಬರುತ್ತಿತ್ತು ಅಂತ ಬಹಳ ತಜ್ಞರು ಹೇಳುತ್ತಾರೆ. ಇದಕ್ಕೆ ದೂರದ ಇನ್ನೊಂದು ಸಾಕ್ಷಿ ಇದೆ. ಆಸ್ಟ್ರಿಯಾದ ಪಶ್ಚಿಮಕ್ಕಿರೋ ಟಿರೋಲ್ ಪ್ರದೇಶದಲ್ಲಿ 1900ರಿಂದ 1974ರ ನಡುವೆ 138 ಮಕ್ಕಳು ಥೇಟ್ ಇದೇ ಥರ ಸತ್ತಿದ್ದರು. 1996ರಲ್ಲಿ ಅಲ್ಲಿಯ ವೈದ್ಯರು ಹಳೇ ದಾಖಲೆ ಕೆದಕಿದಾಗ ಕಂಡದ್ದು: ಹಸುವಿನ ಹಾಲು, ಹಿಟ್ಟು, ಸಕ್ಕರೆ ಬೆರೆಸಿ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಕಾಯಿಸಿದ ಮನೆಯ ಶಿಶು ಆಹಾರ. ತಾಮ್ರದ ಪಾತ್ರೆ ಬಳಕೆ ತಪ್ಪಿದ ಮೇಲೆ ಕಾಯಿಲೆಯೂ ಇಲ್ಲವಾಯಿತು. ಅಂದರೆ ‘ಇಂಡಿಯನ್’ ಅನ್ನೋ ಹೆಸರೇ ತಪ್ಪು. ದೋಷ ದೇಶದ್ದಲ್ಲ, ಜಾತಿಯದ್ದಲ್ಲ, ಪಾತ್ರೆಯದು.

ಮತ್ತೆ ಒಗಟು ತಾನಾಗೇ ಬಿಚ್ಚಿಕೊಳ್ಳುತ್ತೆ. ಬಡವರ ಮನೆಯಲ್ಲಿ ತಾಯಿ ಹೆಚ್ಚು ಕಾಲ ಎದೆಹಾಲು ಕೊಡುತ್ತಿದ್ದಳು, ಪಾತ್ರೆ ಮಣ್ಣಿನದೋ ಅಲ್ಯೂಮಿನಿಯಮ್ಮಿನದೋ. ಹಸು, ಹಿತ್ತಾಳೆ ಎರಡೂ ಇದ್ದದ್ದು ಉಳ್ಳವರಲ್ಲಿ. ಪ್ರೀತಿಯಿಂದ, ಮಡಿಯಿಂದ, ಮನೆಯ ಒಳ್ಳೆಯ ಪಾತ್ರೆಯನ್ನೇ ಆರಿಸಿ ಕೂಸಿನ ಹಾಲು ಇಟ್ಟ ತಾಯಂದಿರು ಅವರು. ಅವರಲ್ಲಿ ಎಷ್ಟೋ ಜನ ತಮ್ಮ ಹಾಲನ್ನೋ ಹಣೆಬರಹವನ್ನೋ ಶಪಿಸಿಕೊಂಡೇ ಕಣ್ಣು ಮುಚ್ಚಿರಬೇಕು.

ಈ ಕಾಯಿಲೆಯನ್ನು ಸೋಲಿಸಿದ್ದು ಯಾರು? ವೈದ್ಯರು ಕಾರಣ ಹೇಳಿದರು, ಪಾತ್ರೆ ಬದಲಿಸಿ ಅಂದರು, ತಾಮ್ರ ಹೊರತೆಗೆಯೋ ಪೆನಿಸಿಲ್ಲಮೈನ್ ಮದ್ದಿನಿಂದ ಕೆಲವು ಮಕ್ಕಳನ್ನು ಉಳಿಸಿದರು. ಆದರೆ ದೊಡ್ಡ ಕೆಲಸ ಮಾಡಿದ್ದು ಸ್ಟೀಲು. ಹಳೇ ಹಿತ್ತಾಳೆ ಕೊಟ್ಟು, ಜರಿ ಸೀರೆ ಕೊಟ್ಟು ಬೀದಿಯಲ್ಲಿ ಬಂದ ಪಾತ್ರೆಯವಳ ಹತ್ತಿರ ಹೊಳೆಯೋ ಸ್ಟೀಲ್ ಪಾತ್ರೆ ಕೊಂಡ ಹೆಂಗಸರು ಯಾರೂ ಯಕೃತ್ತಿನ ಯೋಚನೆ ಮಾಡಿರಲಿಲ್ಲ. ಹಗುರ, ತಿಕ್ಕೋಕೆ ಸುಲಭ, ಕಲಾಯಿ ಖರ್ಚಿಲ್ಲ, ಅಷ್ಟೇ. 1990ರ ದಶಕದ ಹೊತ್ತಿಗೆ ಒಂದು ಶತಮಾನ ಮಕ್ಕಳನ್ನು ನುಂಗಿದ ಕಾಯಿಲೆ ಹೆಚ್ಚುಕಡಿಮೆ ಕಾಣೆಯಾಯಿತು. ಎಷ್ಟರ ಮಟ್ಟಿಗೆ ಅಂದರೆ ಇವತ್ತಿನ ತಾಯಂದಿರು ಅದರ ಹೆಸರನ್ನೂ ಕೇಳಿಲ್ಲ.

ಹೆಸರು ಮರೆತದ್ದೇ ಈಗಿನ ತೊಂದರೆ. ಹಿತ್ತಾಳೆ, ತಾಮ್ರ ಮತ್ತೆ ಫ್ಯಾಶನ್ನಾಗಿವೆ. ಮಗುವಿನ ನಾಮಕರಣಕ್ಕೆ, ಅನ್ನಪ್ರಾಶನಕ್ಕೆ ಹಿತ್ತಾಳೆ ಬಟ್ಟಲು ಚಮಚದ ಸೆಟ್ಟು ಉಡುಗೊರೆ ಬರುತ್ತಿವೆ. ಶೋಕೇಸಿನಲ್ಲಿ ಇಡಿ, ದೇವರ ಮುಂದೆ ಇಡಿ, ಯಾರೂ ಬೇಡ ಅನ್ನೋದಿಲ್ಲ. ಎಳೆ ಮಗುವಿನ ಹಾಲನ್ನು ಮಾತ್ರ ಅದರಲ್ಲಿ ಕಾಯಿಸಬೇಡಿ, ಇಡಬೇಡಿ. ‘ನಮ್ಮ ಹಿರಿಯರು ಇದರಲ್ಲೇ ಕುಡಿದು ಗಟ್ಟಿಯಾಗಿರಲಿಲ್ಲವಾ’ ಅಂತ ಯಾರಾದರೂ ಕೇಳಿದರೆ, ಗಟ್ಟಿಯಾಗಿ ಉಳಿದವರಷ್ಟೇ ನಮ್ಮ ಹಿರಿಯರಾದರು ಅನ್ನೋದನ್ನ ನೆನಪಿಸಿ. ಉಳಿಯದವರು ಯಾರ ಹಿರಿಯರೂ ಆಗಲಿಲ್ಲ.

ಈಗಿನ ಸಾಮಾನಿಗೂ ಇದೇ ಮಾತು. ಫ್ರಿಜ್ಜು ದೊಡ್ಡ ವರ. ಆದರೆ ಅದು ಕ್ರಿಮಿಯನ್ನು ಕೊಲ್ಲೋದಿಲ್ಲ, ನಿಧಾನ ಮಾಡುತ್ತೆ ಅಷ್ಟೇ. ಬೇಯಿಸಿದ್ದನ್ನು ಬೇಗ ಆರಿಸಿ, ಸಣ್ಣ ಸಣ್ಣ ಡಬ್ಬಿಗೆ ಹಾಕಿ ಒಳಗಿಡಬೇಕು. ಒಂದೆರಡು ದಿನದಲ್ಲಿ ಮುಗಿಸಬೇಕು. ತೆಗೆದದ್ದನ್ನು ಕುದಿ ಬರುವ ಹಾಗೆ ಕಾಯಿಸಿ, ಆರಿಸಿ ತಿನ್ನಿಸಬೇಕು. ಮಗುವಿನ ಎಂಜಲು ಚಮಚ ಅದ್ದಿದ್ದನ್ನು ಮತ್ತೆ ಇಡಬಾರದು. ದಿನಕ್ಕೆರಡು ಸಲ ಕರೆಂಟ್ ಹೋಗೋ ಊರಲ್ಲಿ ಫ್ರಿಜ್ಜಿಗಿಂತ ಒಣ ಪುಡಿಯ ಡಬ್ಬಿಯೇ ನಂಬಿಕಸ್ತ. ಯಂತ್ರ ಕೊಳ್ಳುವಾಗ ಗುಂಡಿ ಎಷ್ಟಿದೆ ಅಂತ ಎಣಿಸೋ ಮೊದಲು ಬ್ಲೇಡಿನ ಬುಡಕ್ಕೆ, ರಬ್ಬರಿನ ಸಂದಿಗೆ ಬೆರಳು ಹೋಗುತ್ತಾ ನೋಡಿ. ತೊಳೆಯೋಕಾಗದ ಸಂದಿ ಇದ್ದರೆ ಅದು ಹಳೇ ರಬ್ಬರ್ ಕೊಳವೆಯ ಮೊಮ್ಮಗನೇ.

ಹಾಗೆ ನೋಡಿದರೆ ಪಟ್ಟಿ ಚಿಕ್ಕದು. ಮೊಳಕೆ ಕಟ್ಟೋಕೆ ಒಂದು ಶುದ್ಧ ಬಟ್ಟೆ, ಪುಡಿ ಮಾಡೋಕೆ ಗಿರಣಿಯೋ ಮಿಕ್ಸಿಯೋ, ಒಂದು ಸಣ್ಣ ಜರಡಿ, ಕಾಯಿಸೋಕೆ ಸ್ಟೀಲ್ ಪಾತ್ರೆ, ಬಿಗಿ ಮುಚ್ಚಳದ ಗಾಜಿನದೋ ಸ್ಟೀಲಿನದೋ ಡಬ್ಬಿ, ಒಂದು ಬಟ್ಟಲು, ಒಂದು ಚಮಚ. ಸಾವಿರಾರು ರೂಪಾಯಿಯ ಸಾಮಾನು ಇಲ್ಲ ಅಂತ ಯಾವ ಕೂಸೂ ಸೊರಗೋದಿಲ್ಲ. ಏನು ತಿನ್ನಿಸಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಯಾವುದರಲ್ಲಿ ಇಟ್ಟಿದ್ದಿರಿ ಅಂತ ಕೇಳೋಕೆ ನಮ್ಮ ದೇಶಕ್ಕೆ ನೂರು ವರ್ಷ ಹಿಡಿಯಿತು. ಆ ಪ್ರಶ್ನೆಯನ್ನ ಇನ್ನು ಮರೆಯದಿರೋಣ.